ಹೋಗದೆ ಉಳಿದ ಎರಡು ಸಾಲು

ಪೂರ್ಣಿಮಾ ಮಾಡುವ ಕೆಲಸ ಏನೆಂದು ಬನಹಟ್ಟಿಯ ಅವರ ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವ್ವ ಶೇವಂತಿ ‘ಕಂಪ್ಯೂಟರ್ ಕೆಲಸ’ ಎಂದಷ್ಟೇ ಹೇಳಿ ಮುಗಿಸುತ್ತಿದ್ದಳು. ಕೆಳಗಿನ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗ ಓಡಿಸುತ್ತಿದ್ದ ಅಪ್ಪ ನಿಂಗಣ್ಣ ಮಾತ್ರ, ನೂಲಿನ ವ್ಯಾಪಾರಿಗಳು ಬಂದು ಕೂತಾಗ, “ಹೊಳಿಗೆ ನೀರು ಬಂದ್ರ ರೈತ್ರಿಗೆ ಫೋನ್ ಹೋಗತೈತಲ್ಲ, ಅದನ್ನ ಮಾಡಾಕಿ ನಮ್ಮ ಹುಡುಗಿನs” ಎಂದು ಕೊಂಚ ದೊಡ್ಡ ದನಿಯಲ್ಲಿ ಹೇಳುತ್ತಿದ್ದ. ಮಗ್ಗದ ಸದ್ದಿನಲ್ಲಿ ದೊಡ್ಡ ದನಿ ಹೇಗೂ ಬೇಕು.

ಅಪ್ಪ ಹೇಳಿದ್ದು ನಿಜವೇ ಆಗಿತ್ತು. ಜಮಖಂಡಿಯಲ್ಲಿ ಗಿರಿಮಲ್ಲಪ್ಪ ಎಂಬ ಎಂಜಿನಿಯರು ಒಂದು ಸಣ್ಣ ಆಫೀಸು ನಡೆಸುತ್ತಿದ್ದರು. ಅಲ್ಲಿದ್ದವರು ಮೂರೇ ಜನ: ಅವರು, ಯಂತ್ರಗಳನ್ನು ನೋಡಿಕೊಳ್ಳುವ ವೀರೇಶ, ಪ್ರೋಗ್ರಾಮು ಬರೆಯುವ ಪೂರ್ಣಿಮಾ. ಘಟಪ್ರಭಾ ನದಿಯ ಉದ್ದಕ್ಕೆ ಮೂರು ಕಡೆ ನೀರಿನ ಮಟ್ಟ ಅಳೆಯುವ ಪೆಟ್ಟಿಗೆಗಳನ್ನು ಕೂರಿಸಿದ್ದರು. ಮುಧೋಳದ ಸುತ್ತಲಿನ ಕಬ್ಬಿನ ರೈತರೆಲ್ಲ ಹೊಳೆಯ ದಂಡೆಗೆ ಮೋಟಾರು ಇಟ್ಟು ನೀರು ಎತ್ತುವವರು. ಮೇಲೆ ಡ್ಯಾಮಿನಿಂದ ನೀರು ಬಿಟ್ಟರೆ ಮೋಟಾರನ್ನು ಬಿಚ್ಚಿ, ಎಳೆದು, ಎತ್ತರಕ್ಕೆ ಸಾಗಿಸಬೇಕು. ನೀರು ಎಷ್ಟು ಹೊತ್ತಿಗೆ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಿ, ದಂಡೆಯ ರೈತರಿಗೆ ತಾನಾಗಿಯೇ ಫೋನು ಮಾಡುವುದು ಪೂರ್ಣಿಮಾ ಬರೆದ ಪ್ರೋಗ್ರಾಮಿನ ಕೆಲಸ. ಫೋನಿನಲ್ಲಿ ಮಾತಾಡುವ ದನಿಯೂ ಅವಳದೇ. ಮೊದಲ ವರ್ಷ ಬೇರೆ ದನಿಗೆ ದುಡ್ಡಿಲ್ಲವೆಂದು ಗಿರಿಮಲ್ಲಪ್ಪ ಅವಳನ್ನೇ ಕೂರಿಸಿ, “ನಮಸ್ಕಾರ್ರೀ, ಹೊಳಿ ನೀರು ಏರಾಕತ್ತೈತಿ” ಎಂಬಲ್ಲಿಂದ ಹಿಡಿದು ಅಂಕಿಗಳವರೆಗೆ ಎಲ್ಲವನ್ನೂ ಹೇಳಿಸಿ ದಾಖಲು ಮಾಡಿಕೊಂಡಿದ್ದರು. ಮೂರು ಮಳೆಗಾಲ ಆ ದನಿ ಸುಳ್ಳು ಹೇಳಿರಲಿಲ್ಲ. ದಂಡೆಯ ಜನ ಅದನ್ನು ನಂಬಿದ್ದರು.

ಪ್ರೋಗ್ರಾಮು ಇದ್ದುದು ಜಮಖಂಡಿ ಆಫೀಸಿನ ಮೂಲೆಯಲ್ಲಿ, ಮೇಜಿನ ಕೆಳಗೆ ಹಗಲೂ ರಾತ್ರಿ ಗುಂಯ್‌ಗುಡುವ ಒಂದು ಹಳೆಯ ಕಂಪ್ಯೂಟರಿನಲ್ಲಿ. ಅವರ ಸರ್ವರ್ ಅದೇ. ರೈತರ ನಂಬರುಗಳು, ನಮ್ಮ ಕೋಡು, ಎರಡೂ ಬೇರೆಯವರ ಯಂತ್ರದ ಮೇಲೆ ಇರಬಾರದು ಎಂಬುದು ಗಿರಿಮಲ್ಲಪ್ಪನವರ ಹಟ. ಹಾಗಾಗಿ ವೀರೇಶ ಆ ಯಂತ್ರದಲ್ಲೇ, ಕೋಡಿನ ಪ್ರತಿ ತಿದ್ದುಪಡಿಯನ್ನೂ ಜೋಪಾನವಾಗಿಡುವ ಗಿಟ್ ಎಂಬ ಭಂಡಾರ ಕೂರಿಸಿದ್ದ. ಪೂರ್ಣಿಮಾ ತನ್ನ ಲ್ಯಾಪ್‌ಟಾಪಿನಲ್ಲಿ ಏನು ತಿದ್ದಿದರೂ ಅದನ್ನು ಅಲ್ಲಿಗೆ ‘ಪುಶ್’ ಮಾಡಬೇಕು. ಅದು ತಲುಪಿದ ಮರುಗಳಿಗೆಯಿಂದ ಹೊಸ ಕೋಡು ತಾನಾಗಿ ಓಡಲು ಶುರುವಾಗುತ್ತಿತ್ತು. ಹೊರಗಿನಿಂದ ಬೇರೆ ದಾರಿ ಇಟ್ಟಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆಗಸ್ಟ್ ತಿಂಗಳ ಮೊದಲ ಶುಕ್ರವಾರ. ಮಂಗಳವಾರ, ಶುಕ್ರವಾರ ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಏಳಕ್ಕೆ ದಂಡೆಯ ತಗ್ಗಿನಲ್ಲಿರುವ ನಲವತ್ಮೂರು ರೈತರಿಗೆ ಫೋನು ಹೋಗಿತ್ತು: ಸಂಜೆ ಆರರೊಳಗೆ ನೀರು ಎರಡು ಅಡಿ ಏರುತ್ತದೆ, ಮೋಟಾರು ಮೇಲೆ ತೆಗೆದುಕೊಳ್ಳಿ. ಎರಡು ಅಡಿ ಎಂದರೆ ದಂಡೆಯವರಿಗೆ ಗಾಬರಿಯ ಮಾತಲ್ಲ. ಸಂಜೆಯವರೆಗೆ ಹೊತ್ತಿದೆ, ನಾಷ್ಟಾ ಮಾಡಿ ಹೋದರಾಯಿತು.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಪೂರ್ಣಿಮಾ ಪರದೆಯ ಮೇಲಿನ ಗೆರೆ ನೋಡಿದಳು. ಮೇಲಿನ ಪೆಟ್ಟಿಗೆಯ ಅಂಕಿ ಒಮ್ಮೆಲೇ ನೆಗೆದಿತ್ತು. ಡ್ಯಾಮಿನಿಂದ ಬಿಡುವ ನೀರನ್ನು ದುಪ್ಪಟ್ಟಿಗಿಂತ ಹೆಚ್ಚು ಮಾಡಿದ್ದರು. ಪ್ರೋಗ್ರಾಮು ಲೆಕ್ಕವನ್ನೂ ಸರಿಯಾಗಿಯೇ ಹಾಕಿತ್ತು: ಮಧ್ಯಾಹ್ನ ಒಂದರೊಳಗೆ ಏಳು ಅಡಿ. ಆದರೆ ಅದರ ಕೆಳಗೆ ಇನ್ನೊಂದು ಸಾಲು ಇತ್ತು. ಕರೆ ಕಳಿಸಿಲ್ಲ, ಆರು ತಾಸಿನೊಳಗೆ ಒಮ್ಮೆ ಕಳಿಸಲಾಗಿದೆ.

ಆ ಆರು ತಾಸಿನ ನಿಯಮ ಬರೆದವಳು ಅವಳೇ. ಹೋದ ತಿಂಗಳು ಒಂದೇ ರಾತ್ರಿ ನಾಲ್ಕು ನಾಲ್ಕು ಸಲ ಫೋನು ಬಂತೆಂದು ಕೆಲವು ರೈತರು ಬೇಸರಪಟ್ಟಿದ್ದರು. “ಇದಕ್ಕೊಂದು ಬಂದೋಬಸ್ತ್ ಮಾಡವಾ” ಎಂದು ಗಿರಿಮಲ್ಲಪ್ಪ ಹೇಳಿದ್ದರು. ಒಮ್ಮೆ ಹೇಳಿದ ಮೇಲೆ ಆರು ತಾಸು ಸುಮ್ಮನಿರುವ ಹಾಗೆ ಅವಳು ತಿದ್ದಿದ್ದಳು. ಎರಡನೆಯ ಸುದ್ದಿ ಮೊದಲನೆಯದಕ್ಕಿಂತ ಕೆಟ್ಟದ್ದಾಗಿದ್ದರೆ ಏನು ಮಾಡಬೇಕು ಎಂಬುದು ಅವಳ ತಲೆಗೆ ಬಂದಿರಲಿಲ್ಲ.

ತಪ್ಪು ಎಲ್ಲಿದೆ ಎಂದು ಗೊತ್ತಾದರೆ ಅರ್ಧ ಧೈರ್ಯ ಬರುತ್ತದೆ. ನೀರಿನ ಅಂದಾಜು ಹಿಂದಿನದಕ್ಕಿಂತ ಹೆಚ್ಚಿದ್ದರೆ ಆರು ತಾಸು ಕಾಯಬೇಡ ಎಂದು ಎರಡು ಸಾಲು ಸೇರಿಸಿದಳು. ಎರಡು ಸಲ ಓಡಿಸಿ ನೋಡಿದಳು. ಹನ್ನೊಂದು ಹತ್ತಕ್ಕೆ ಪುಶ್ ಮಾಡಿದಳು.

ಹೋಗಲಿಲ್ಲ.

ಕೆಂಪು ಅಕ್ಷರದಲ್ಲಿ ಒಂದು ದೂರು ಬಂತು. ಸರ್ವರಿನ ಭಂಡಾರದಲ್ಲಿ ಹೊಸ ವಸ್ತು ಇಡಲು ಅನುಮತಿ ಸಾಲದು ಎಂಬರ್ಥದ ಮಾತು. ಅವಳು ಅದನ್ನು ಅರ್ಧ ಓದಿ, ‘ಅನುಮತಿ’ ಎಂಬಲ್ಲಿಗೇ ನಿಂತಳು. ತಿಂಗಳ ಹಿಂದೆ ವೀರೇಶ, ಸರ್ವರಿಗೆ ಗುರುತು ಹೇಳುವ ಎಲ್ಲರ ಕೀಲಿಗಳನ್ನು ಬದಲಿಸಿದ್ದ. ಸರ್ವರು ತನ್ನ ಗುರುತು ಹಿಡಿಯುತ್ತಿಲ್ಲ ಎಂದುಕೊಂಡಳು. ಇನ್ನೊಮ್ಮೆ ಪುಶ್ ಮಾಡಿದಳು. ಅದೇ ದೂರು. ಹೊಸ ಕೀಲಿ ಮಾಡಿದಳು, ಅದನ್ನು ಸರ್ವರಿಗೆ ಸೇರಿಸಿದಳು, ಮತ್ತೆ ಪುಶ್ ಮಾಡಿದಳು. ಅದೇ ದೂರು.

ವೀರೇಶನಿಗೆ ಫೋನು ಹಚ್ಚಿದಳು. ಅವನು ಆ ದಿನ ಬೀಳಗಿಯಲ್ಲಿದ್ದ ಸೋದರಮಾವನ ಮನೆಯಿಂದ ಬಸ್ಸಿನಲ್ಲಿ ಬರುತ್ತಿದ್ದ. ‘ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.’ ಗಿರಿಮಲ್ಲಪ್ಪನವರಿಗೆ ಹಚ್ಚಿದಳು. ಅವರು ಬಾಗಲಕೋಟೆಯಲ್ಲಿ ಯಾವುದೋ ಮೀಟಿಂಗಿನಲ್ಲಿದ್ದರು, ಎತ್ತಲಿಲ್ಲ. ಆಫೀಸಿನಲ್ಲಿ ಆ ದಿನ ಯಾರೂ ಇರಲಿಲ್ಲ.

“ನಾನs ಸರಿ ಮಾಡತೇನಿ” ಎಂದು ತನಗೆ ತಾನೇ ಹೇಳಿಕೊಂಡಳು.

ಆಮೇಲೆ ಅವಳು ಮಾಡಿದ್ದನ್ನೆಲ್ಲ ಕಂಪ್ಯೂಟರ್ ಬಲ್ಲವರು ಯಾರೂ ತಪ್ಪೆನ್ನಲಾರರು. ಸರ್ವರಿನಿಂದ ಕೋಡನ್ನು ಇಳಿಸಿಕೊಳ್ಳಲು ಬರುತ್ತದೆಯೇ ನೋಡಿದಳು, ಬಂತು. ಓದಲು ಬರುತ್ತದೆ, ಬರೆಯಲು ಬರುವುದಿಲ್ಲ. ಡಿಸ್ಕ್ ತುಂಬಿದೆಯೇ ನೋಡಿದಳು, ಅರ್ಧಕ್ಕರ್ಧ ಖಾಲಿ. ಭಂಡಾರದ ಫೋಲ್ಡರ್ ಯಾರ ಹೆಸರಿನಲ್ಲಿದೆ ನೋಡಿದಳು. ಇರಬೇಕಾದವರ ಹೆಸರಿನಲ್ಲೇ ಇತ್ತು, ಬರೆಯುವ ಅನುಮತಿಯೂ ಇತ್ತು. ಹಾಗಾದರೆ ಏನು? ಎಲ್ಲವನ್ನೂ ಅಳಿಸಿ ಹೊಸದಾಗಿ ಇಳಿಸಿಕೊಂಡು, ಆ ಎರಡು ಸಾಲು ಮತ್ತೆ ಬರೆದು, ಮತ್ತೆ ಪುಶ್ ಮಾಡಿದಳು. ನಡುವೆ ಮಳೆಗೆ ಎರಡು ಸಲ ಮನೆಯ ಇಂಟರ್ನೆಟ್ ಹೋಯಿತು. ಅದು ಬರುವವರೆಗೆ ಮೊಬೈಲಿನಲ್ಲಿ ಇಂಥದೇ ದೂರು ಬಂದವರು ಏನು ಮಾಡಿದರೆಂದು ಹುಡುಕಿ ಓದುತ್ತಿದ್ದಳು, ವೀರೇಶನಿಗೆ ಮತ್ತೆ ಮತ್ತೆ ಹಚ್ಚುತ್ತಿದ್ದಳು.

ಹನ್ನೆರಡಕ್ಕೆ ಅವ್ವ ಮೆಟ್ಟಿಲ ಕೆಳಗೆ ನಿಂತು ಕೂಗಿದಳು. “ಉಣ್ಣಾಕ ಬಾ ಬೇ. ರೊಟ್ಟಿ ಆರಾಕತ್ತಾವು.”

“ತಡಿ ಅವ್ವಾ. ಇದೊಂದು ಆತಂದ್ರ ಬಂದೆ.”

“ಮುಂಜಾನಿ ಚಾ ಮ್ಯಾಲ ಅದಿ.”

“ಬಂದೆ ಅಂದೆನಲ್ಲ!”

ಅಷ್ಟು ಗಡುಸಾಗಿ ಅವಳು ಅವ್ವನಿಗೆ ಮಾತಾಡಿದ್ದು ಅಪರೂಪ. ಶೇವಂತಿ ಮತ್ತೆ ಕರೆಯಲಿಲ್ಲ.

ಪೂರ್ಣಿಮಾಗೆ ಹೊತ್ತು ಹೋದದ್ದು ಗೊತ್ತಿದ್ದೂ ಗೊತ್ತಿರಲಿಲ್ಲ. ಪರದೆಯ ಮೂಲೆಯಲ್ಲಿ ಗಡಿಯಾರ ಇತ್ತು. ಪ್ರತಿ ಸಲವೂ ಇನ್ನು ಐದು ನಿಮಿಷ ಎಂದೇ ಅನಿಸುತ್ತಿತ್ತು. ಇದನ್ನು ನೋಡಿದರೆ ಆಗುತ್ತದೆ, ಇದೂ ಅಲ್ಲದಿದ್ದರೆ ಅದು. ದೂರು ಒಂದೇ ಆಗಿದ್ದರೂ ಪ್ರತಿ ಸಲ ಇನ್ನೇನು ಸಿಕ್ಕಿತು ಎಂಬಷ್ಟು ಹತ್ತಿರ ಬಂದಂತೆ ಕಾಣುತ್ತಿತ್ತು. ಪರದೆಯ ಎಡಗಡೆ ಕಿಟಕಿಯಲ್ಲಿ ನಲವತ್ಮೂರು ರೈತರ ಪಟ್ಟಿ ತೆರೆದೇ ಇತ್ತು. ಹೆಸರು, ಊರು, ಫೋನ್ ನಂಬರು. ಪ್ರೋಗ್ರಾಮನ್ನು ಓಡಿಸಿ ನೋಡಲೆಂದು ಅವಳೇ ತೆರೆದಿಟ್ಟಿದ್ದಳು.

ಹನ್ನೆರಡು ನಲವತ್ತಕ್ಕೆ ವೀರೇಶನೇ ಫೋನು ಮಾಡಿದ. “ಏನಾತು? ಹನ್ನೆರಡು ಮಿಸ್ ಕಾಲ್ ಅದಾವು.”

ಅವಳು ಒಂದೇ ಉಸಿರಿಗೆ ಹೇಳಿದಳು.

“ಭಂಡಾರದ ಹೊರಗಿನ ಫೋಲ್ಡರ್ ನೋಡೀದಿ. ಒಳಗಿನ ಸಣ್ಣ ಫೋಲ್ಡರ್ ನೋಡೀಯೇನು?” ಎಂದ ವೀರೇಶ. “ಎರಡೆರಡು ಅಕ್ಷರದ ಹೆಸರಿನವು ಇರತಾವಲ್ಲ, ಅವು. ಯಾವುದೋ ಒಂದೆರಡು ಅಡ್ಮಿನ್ ಹೆಸರಿಗೆ ಆಗಿರಬೇಕು. ನೋಡು.”

ನೋಡಿದಳು. ಹೌದು. ಒಂದೆರಡಲ್ಲ, ಹತ್ತೊಂಬತ್ತು ಫೋಲ್ಡರು, ಯಂತ್ರದ ಪೂರ್ತಿ ಅಧಿಕಾರವಿರುವ ಅಡ್ಮಿನ್ ಖಾತೆಯ ಹೆಸರಿನಲ್ಲಿ.

“ಎಲ್ಲಾನೂ ಒಮ್ಮೆ ಗಿಟ್ ಹೆಸರಿಗೆ ತಿರುವು. ಪಾಸ್‌ವರ್ಡ್ ಹೇಳತೇನಿ, ಬರಕೋ.”

ಒಂದೇ ಸಾಲಿನ ಆಜ್ಞೆ. ಹನ್ನೆರಡು ನಲವತ್ತಾರಕ್ಕೆ ಪುಶ್ ಹೋಯಿತು. ಹನ್ನೆರಡು ಐವತ್ತಕ್ಕೆ ಫೋನುಗಳು ಹೊರಟವು. ಪರದೆಯ ಮೇಲೆ ಒಂದೊಂದೇ ಹೆಸರಿನ ಮುಂದೆ ಹಸಿರು ಗುರುತು ಬೀಳುವುದನ್ನು ಅವಳು ನೋಡಿದಳು. ನಲವತ್ತೆರಡು ಜನ ಎತ್ತಿದರು. ಒಬ್ಬರು ಎತ್ತಲಿಲ್ಲ. ಪ್ರೋಗ್ರಾಮು ನಿಯಮದಂತೆ ಮೂರು ಸಲ ಹಚ್ಚಿ, ‘ಉತ್ತರವಿಲ್ಲ’ ಎಂದು ಬರೆದು ಸುಮ್ಮನಾಯಿತು. ಹೆಸರು ಮುರಗೆಪ್ಪ.

ಆಗ ಅವಳು ತನ್ನ ಮೊಬೈಲಿನಿಂದ ಆ ನಂಬರಿಗೆ ಹಚ್ಚಿದಳು. ರಿಂಗಾಯಿತು. ಮತ್ತೆ ಹಚ್ಚಿದಳು. ಐದನೆಯ ಸಲ ಫೋನು ಕಿವಿಗೆ ಹಿಡಿದುಕೊಂಡಿದ್ದಾಗ ಅವಳಿಗೆ ಹೊಳೆಯಿತು, ಇದನ್ನು ಹನ್ನೊಂದು ಹತ್ತಕ್ಕೇ ಮಾಡಬಹುದಿತ್ತು ಎಂದು. ನಲವತ್ಮೂರು ಜನ. ಒಬ್ಬೊಬ್ಬರಿಗೆ ಅರ್ಧ ನಿಮಿಷ. ಅಪ್ಪನ ಕೈಗೆ ಅರ್ಧ ಪಟ್ಟಿ ಕೊಟ್ಟಿದ್ದರೆ ಹತ್ತೇ ನಿಮಿಷದ ಕೆಲಸ.

ಕೆಳಗೆ ಮಗ್ಗಗಳು ಓಡುತ್ತಲೇ ಇದ್ದವು. ಅವಳು ಆರನೆಯ ಸಲ ಹಚ್ಚಿದಳು.

ಮುರಗೆಪ್ಪನ ಹೆಣ ಭಾನುವಾರ ಸಿಕ್ಕಿತು. ಅವನ ಊರಿನಿಂದ ಎರಡು ಕಿಲೋಮೀಟರು ಕೆಳಗೆ, ಜಾಲಿಕಂಟಿಯಲ್ಲಿ ಸಿಕ್ಕಿಕೊಂಡಿತ್ತು. ಮೋಟಾರಿನ ಬೋಲ್ಟು ಬಿಚ್ಚಲು ದಂಡೆಗೆ ಇಳಿದವನು ಒಬ್ಬನೇ. ಅಂಗಿಯನ್ನೂ ಫೋನನ್ನೂ ಮೇಲೆ ಸ್ಟಾರ್ಟರ್ ಡಬ್ಬಿಯ ಮೇಲಿಟ್ಟು ಹೋಗಿದ್ದ. ಎರಡಕ್ಕೂ ಹೊಳೆಯ ನೀರು ತಾಗಿರಲಿಲ್ಲ.

ಸೋಮವಾರ ಪೂರ್ಣಿಮಾ ಆಫೀಸಿಗೆ ಹೋದಾಗ ಗಿರಿಮಲ್ಲಪ್ಪ ಯಾರೊಂದಿಗೋ ಫೋನಿನಲ್ಲಿದ್ದರು. “ನಮ್ಮ ರೆಕಾರ್ಡ್ ಅದಾವ್ರಿ. ಹನ್ನೆರಡು ಐವತ್ತಕ್ಕ ಮೂರು ಸಲ ಕಾಲ್ ಹೋಗೈತಿ. ಅವರು ಎತ್ತಿಲ್ಲ. ಉಳಿದವರೆಲ್ಲ ಎತ್ತ್ಯಾರ, ಮ್ಯಾಲ ಬಂದಾರ.” ಫೋನಿಟ್ಟು ಅವಳ ಕಡೆ ತಿರುಗಿದರು. “ತಾಲ್ಲೂಕು ಕಚೇರಿಯವರು ಕೇಳ್ಯಾರ. ಆ ದಿನದ್ದು ಪ್ರಿಂಟ್ ತಗದು ಕೊಡವಾ. ಹನ್ನೆರಡು ಐವತ್ತರದು ಅಷ್ಟ ಸಾಕು.”

“ಸರ್, ಹನ್ನೊಂದಕ್ಕನs ಗೊತ್ತಾಗಿತ್ತು. ಕೋಡ್ ಹೋಗಲಿಲ್ಲ.”

“ಗೊತ್ತೈತಿ ತಂಗಿ. ವೀರೇಶ ಹೇಳ್ಯಾನ. ಮಿಷಿನ್ ಅಂದಮ್ಯಾಲ ಹಂಗs. ನೀ ಒಂದೂವರಿ ತಾಸು ಎದ್ದಿಲ್ಲಂತ ಕುರ್ಚಿ ಬಿಟ್ಟು. ನಲವತ್ತೆರಡು ಮಂದಿ ಉಳದಾರ, ಅದನ್ನ ನೆನಸು.”

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವಳು ಪ್ರಿಂಟು ತೆಗೆದುಕೊಟ್ಟಳು.

ಮಧ್ಯಾಹ್ನ ಗಿರಿಮಲ್ಲಪ್ಪ ಊಟಕ್ಕೆ ಹೋದಾಗ ವೀರೇಶ ಕುರ್ಚಿ ಎಳೆದುಕೊಂಡು ಅವಳ ಹತ್ತಿರ ಕೂತ.

“ಆ ಹತ್ತೊಂಬತ್ತು ಫೋಲ್ಡರ್ ಅಡ್ಮಿನ್ ಹೆಸರಿಗೆ ಆಗಿದ್ದು ಜುಲೈ ಹದಿನಾಲ್ಕಕ್ಕ” ಎಂದ.

ಅವಳು ನೆನಪು ಮಾಡಿಕೊಂಡಳು. ಅವತ್ತು ವೀರೇಶ ರಜೆಯಲ್ಲಿದ್ದ, ಆಫೀಸಿನ ನೆಟ್‌ವರ್ಕ್ ಹೋಗಿತ್ತು. ಅವಳು ಸರ್ವರಿನ ಮುಂದೆಯೇ ಕೂತು, ಅವನು ಫೋನಿನಲ್ಲಿ ಹೇಳಿದ ಅಡ್ಮಿನ್ ಪಾಸ್‌ವರ್ಡಿನಿಂದ ಒಳಹೊಕ್ಕು, ಅಲ್ಲಿಂದಲೇ ಕೋಡು ಸೇರಿಸಿದ್ದಳು. ಸೇರಿಸಿದ್ದು ಅದೇ ಆರು ತಾಸಿನ ನಿಯಮ.

“ಅವತ್ತು ನಾನs ಇದ್ದೆ” ಎಂದಳು.

“ಹೂಂ. ಅಡ್ಮಿನ್ ಆಗಿ ಹಾಕಿದ್ದಕ್ಕ ಆ ಫೋಲ್ಡರ್ ಅಡ್ಮಿನ್‌ದ ಆದುವು. ಇನ್ನೂರಾ ಐವತ್ತಾರರಾಗ ಹತ್ತೊಂಬತ್ತು. ಆಮ್ಯಾಲ ನೀ ಪುಶ್ ಮಾಡಿದ್ದೆಲ್ಲ ಬ್ಯಾರೆ ಫೋಲ್ಡರಿಗೆ ಬಿದ್ದಾವು, ಅದಕ್ಕ ಯಾರಿಗೂ ಗೊತ್ತಾಗಿಲ್ಲ. ಶುಕ್ರವಾರದ್ದು ಮಾತ್ರ ಆ ಹತ್ತೊಂಬತ್ತರಾಗ ಒಂದಕ್ಕ ಬಿತ್ತು.” ಅವನು ಕೈಬೆರಳು ನೋಡಿಕೊಳ್ಳುತ್ತ ಹೇಳಿದ. “ಯಾವುದು ಎಲ್ಲಿ ಬೀಳತೈತಿ ಅನ್ನೋದು ಒಳಗಿನ ಅಕ್ಷರದ ಮ್ಯಾಲ. ನೀ ಅದರಾಗ ಒಂದು ಸ್ಪೇಸ್ ಹೆಚ್ಚಿಗಿ ಕೊಟ್ಟಿದ್ದರೂ ಹೋಗಿಬಿಡತಿತ್ತೇನೋ.”

ಹೇಳಿದ ಮೇಲೆ ಹೇಳಬಾರದಿತ್ತು ಎಂದು ಅವನಿಗೆ ಅನಿಸಿರಬೇಕು. “ನನ್ನದೂ ತಪ್ಪೈತಿ” ಎಂದ. “ಪಾಸ್‌ವರ್ಡ್ ಕೊಟ್ಟಾಂವ ನಾನು. ಆಮ್ಯಾಲ ಒಮ್ಮೆ ನೋಡಬೇಕಿತ್ತು. ಬಿಡು. ಇದು ನಮ್ಮಿಬ್ಬರಿಗೆ ಗೊತ್ತು, ಮತ್ಯಾರಿಗೂ ತಿಳಿಯಂಗಿಲ್ಲ.”

“ಅದಲ್ಲ ವೀರೇಶ” ಎಂದಳು ಪೂರ್ಣಿಮಾ. “ನಾ ಫೋನ್ ಹಚ್ಚಲಿಲ್ಲ.”

“ಯಾರಿಗೆ?”

“ಅವರಿಗೆ. ನಂಬರ್ ಮುಂದನs ಇದ್ದುವು.”

ವೀರೇಶನಿಗೂ ಬಸ್ಸಿನಲ್ಲಿ ಅದು ಹೊಳೆದಿರಲಿಲ್ಲ. ಹಾಗೆಂದು ಹೇಳಿದ ಕೂಡ. ಅದರಿಂದ ಅವಳಿಗೆ ಏನೂ ಹಗುರಾಗಲಿಲ್ಲ.

ಬುಧವಾರ ಗಿರಿಮಲ್ಲಪ್ಪ ಮುರಗೆಪ್ಪನ ಮನೆಯವರನ್ನು ಮಾತಾಡಿಸಲು ಅವನ ಊರಿಗೆ ಹೊರಟರು. ನಾನೂ ಬರುತ್ತೇನೆ ಎಂದಳು ಪೂರ್ಣಿಮಾ. ಅವರ ಕಾರಿನಲ್ಲಿ ಮುಧೋಳ ದಾಟಿ ಹೋಗುವಾಗ ಹೊಳೆಯ ನೀರು ಇಳಿದಿತ್ತು. ದಂಡೆಯ ಕಬ್ಬೆಲ್ಲ ಒಂದೇ ಕಡೆಗೆ ಮಲಗಿ, ಎಲೆಗಳ ಮೇಲೆ ಕೆಸರು ಒಣಗಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ದಾರಿಯುದ್ದಕ್ಕೂ ಗಿರಿಮಲ್ಲಪ್ಪ ಒಂದೇ ಮಾತು ಹೇಳಿದರು. “ನೀ ಏನೂ ಮಾತಾಡಬ್ಯಾಡ. ನಾ ಮಾತಾಡತೇನಿ.”

ಪಡಸಾಲೆಯಲ್ಲಿ ಹತ್ತಾರು ಜನ ಕೂತಿದ್ದರು. ಮುರಗೆಪ್ಪನ ಹೆಂಡತಿ ಮಾದೇವಿ ಕಂಬಕ್ಕೆ ಒರಗಿ, ಕಾಲು ಚಾಚಿ ಕೂತಿದ್ದಳು. ಯಾರು ಬಂದರೂ ಹೋದರೂ ಅವಳ ಕಣ್ಣು ಏಳುತ್ತಿರಲಿಲ್ಲ. ನೀರಿನ ತಂಬಿಗೆ ತಂದಿಟ್ಟವಳು ಮಗಳು ಕಾವ್ಯ, ಮುಧೋಳದ ಕಾಲೇಜಿನಲ್ಲಿ ಬಿ.ಎಸ್ಸಿ ಓದುತ್ತಿದ್ದವಳು. ಗಿರಿಮಲ್ಲಪ್ಪ ಹೆಸರು ಹೇಳಿಕೊಂಡರು, ಫೋನಿನ ವಿಷಯ ಹೇಳಿದರು, ಬಹಳ ಕೆಟ್ಟದ್ದಾಯಿತು ಎಂದರು. ಕೂತವರಲ್ಲಿ ಒಬ್ಬ ಮುದುಕ, “ನಿಮ್ಮ ಫೋನಿಂದ ನನ್ನ ಮಗ ಮ್ಯಾಲ ಬಂದಾನ್ರಿ” ಎಂದು ಕೈ ಮುಗಿದ. ಪೂರ್ಣಿಮಾ ತಲೆ ತಗ್ಗಿಸಿದಳು.

“ತಾಯಿ, ನಾವು ಮೂರು ಸಲ ಹಚ್ಚೀವಿ” ಎಂದು ಗಿರಿಮಲ್ಲಪ್ಪ ಮಾದೇವಿಗೆ ಹೇಳುತ್ತಿದ್ದರು. “ಅವರ ಕಡೆ ಫೋನ್ ಇದ್ದಿದ್ದಿಲ್ಲ ಅಂತ ಕಾಣತೈತಿ.”

ಪೂರ್ಣಿಮಾಗೆ ತಡೆಯಲಾಗಲಿಲ್ಲ. “ಅದಕ್ಕೂ ಮೊದಲ ಹಚ್ಚಬೇಕಿತ್ರಿ ನಾವು” ಎಂದಳು.

ಆ ದನಿ ಕೇಳಿದ್ದೇ ಮಾದೇವಿ ತಲೆ ಎತ್ತಿದಳು. ಅಲ್ಲಿದ್ದವರೂ ತಿರುಗಿ ನೋಡಿದರು. ಮೂರು ವರ್ಷ ತಮ್ಮ ಫೋನಿನಲ್ಲಿ ಕೇಳಿದ ದನಿ ಅವರೆಲ್ಲರಿಗೂ ಗುರುತಿತ್ತು.

“ಈಕಿನs” ಎಂದಳು ಮಾದೇವಿ. “ನೀರು ಬರತೈತಿ ಅಂತ ಹೇಳಾಕಿ ಈಕಿನs.”

ಕಾವ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. “ಮೊದಲ ಅಂದ್ರ ಯಾವಾಗ್ರಿ ಅಕ್ಕಾರ?”

ಗಿರಿಮಲ್ಲಪ್ಪ ಏನೋ ಹೇಳಲು ಹೋದರು. ಪೂರ್ಣಿಮಾ ಅವರ ಕಡೆ ನೋಡಲಿಲ್ಲ.

“ಹನ್ನೊಂದಕ್ಕ ನನಗ ಗೊತ್ತಾತು. ಏಳು ಅಡಿ ಬರತೈತಿ ಅಂತ. ಕಂಪ್ಯೂಟರ್‌ದಾಗ ಒಂದು ತಪ್ಪಿತ್ತು, ಅದಕ್ಕ ಕಾಲ್ ಹೋಗಲಿಲ್ಲ. ತಪ್ಪು ತಿದ್ದಿದೆ, ತಿದ್ದಿದ್ದು ಅಲ್ಲಿ ತಲಪಲಿಲ್ಲ. ಯಾಕ ತಲಪವಲ್ದು ಅಂತ ನೋಡಕೋತ ಕುಂತೆ. ಹನ್ನೆರಡು ಐವತ್ತು ಆತು.”

“ಹನ್ನೊಂದೂವರಿ ತನಕ ಅಪ್ಪಾ ಮನ್ಯಾಗ ಇದ್ದ” ಎಂದಳು ಕಾವ್ಯ. ದನಿ ಏರಲಿಲ್ಲ. “ಇಲ್ಲೇ, ನೀವು ಕುಂತಲ್ಲೇ. ಚಾ ಕುಡದು, ಬೋಲ್ಟ್ ಬಿಚ್ಚೂ ಪಾನಾ ಹುಡುಕಾಡಿ, ತಗೊಂಡು ಹ್ವಾದ.”

ಪೂರ್ಣಿಮಾ ನೀರಿನ ಲೋಟವನ್ನು ಕೆಳಗಿಟ್ಟಳು. ಕಾವ್ಯಳೇ ಮತ್ತೆ ಕೇಳಿದಳು.

“ಅಪ್ಪನ ನಂಬರ ನಿಮ್ಮ ಕಡೆ ಇತ್ತಲ್ರಿ?”

“ಇತ್ತು.”

“ನನ್ನ ನಂಬರನೂ ಕೊಟ್ಟಿದ್ದಿವಿ. ಅಪ್ಪಾ ಎತ್ತಲಿಲ್ಲಂದ್ರ ಅಂತ.”

“ಅದೂ ಇತ್ತು.”

“ಹಂಗಾರ ನೀವs ಯಾಕ ಹಚ್ಚಲಿಲ್ಲ?”

ಈ ಪ್ರಶ್ನೆಗೆ ಐದು ದಿನದಿಂದ ಅವಳು ಉತ್ತರ ಹುಡುಕಿದ್ದಳು. ನೆಪಗಳು ಇದ್ದವು, ಅವುಗಳಲ್ಲಿ ಒಂದೂ ಈ ಪಡಸಾಲೆಯಲ್ಲಿ ಹೇಳುವಂಥದಾಗಿರಲಿಲ್ಲ. “ನನಗ ಹೊಳೀಲೇ ಇಲ್ಲ” ಎಂದಳು. “ಇನ್ನೈದು ನಿಮಿಷಕ್ಕ ಸರಿ ಆಗತೈತಿ, ಇನ್ನೈದು ನಿಮಿಷಕ್ಕ ಸರಿ ಆಗತೈತಿ ಅಂತ ಅದನ್ನ ಹಿಡಕೊಂಡು ಕುಂತೆ.”

ಮಾದೇವಿ ಮುಖ ತಿರುಗಿಸಿ ಗೋಡೆಯ ಕಡೆ ಮಾಡಿಕೊಂಡಳು. “ಕರಕೊಂಡು ಹೋಗ್ರಿ ಈಕಿನ್ನ” ಎಂದಳು. ಬೈಗುಳವಿರಲಿಲ್ಲ, ಅಳುವಿರಲಿಲ್ಲ. “ಆ ದನಿ ನನಗ ಕೇಳೂದು ಬ್ಯಾಡ.”

ಕಾರು ಮುಧೋಳ ದಾಟಿದ ಮೇಲೆ ಗಿರಿಮಲ್ಲಪ್ಪ, “ನಿನಗ ಹಗುರ ಆಗಬೇಕಂತ ಅವರಿಗೆ ಭಾರ ಮಾಡಿ ಬಂದಿ” ಎಂದರು. “ಮೊದಲ ನಸೀಬ ಅಂತ ಅಳತಿದ್ರು. ಇನ್ನ ಮ್ಯಾಲ ದಿನಾ ಆ ಒಂದೂವರಿ ತಾಸು ನೆನಸಿ ಅಳತಾರ.”

ಆ ಮಾತಿನಲ್ಲಿ ಸ್ವಲ್ಪ ತಮ್ಮ ಆಫೀಸಿನ ಚಿಂತೆಯೂ ಇತ್ತು. ಆದರೆ ಸುಳ್ಳಿರಲಿಲ್ಲ. ಪೂರ್ಣಿಮಾ ಜಮಖಂಡಿ ಬರುವವರೆಗೆ ಅದನ್ನೇ ಯೋಚಿಸಿದಳು. ಹಗುರ ಮಾತ್ರ ಆಗಿರಲಿಲ್ಲ.

ಮರುದಿನ ಅವಳು ಕೂತು ಎಲ್ಲವನ್ನೂ ಕನ್ನಡದಲ್ಲಿ ಬರೆದಳು. ಜುಲೈ ಹದಿನಾಲ್ಕರಂದು ತಾನು ಅಡ್ಮಿನ್ ಆಗಿ ಕೋಡು ಸೇರಿಸಿದ್ದು, ಅದರಿಂದ ಏನಾಯಿತು, ಆರು ತಾಸಿನ ನಿಯಮದ ತಪ್ಪು, ಹನ್ನೊಂದು ಹತ್ತರಿಂದ ಹನ್ನೆರಡು ನಲವತ್ತಾರರವರೆಗೆ ಮಾಡಿದ್ದೆಲ್ಲ, ಮಾಡದೆ ಉಳಿದದ್ದು. ಎರಡು ಪುಟವಾಯಿತು. ಇನ್ನು ಮುಂದೆ ಕೋಡು ಹತ್ತು ನಿಮಿಷದೊಳಗೆ ಹೋಗದಿದ್ದರೆ ಇದ್ದವರೆಲ್ಲ ಫೋನು ಹಿಡಿದು ಪಟ್ಟಿಯ ಪ್ರಕಾರ ಕರೆ ಮಾಡತಕ್ಕದ್ದು ಎಂದು ಕೊನೆಗೆ ಬರೆದಳು. ಕೆಳಗೆ ಹೆಸರು ಹಾಕಿ, ಆ ಕಡತವನ್ನು ಕೋಡಿನ ಜೊತೆಗೇ ಸೇರಿಸಿ ಸರ್ವರಿಗೆ ಪುಶ್ ಮಾಡಿದಳು. ಒಂದೇ ಸಲಕ್ಕೆ ಹೋಯಿತು.

ಗಿರಿಮಲ್ಲಪ್ಪ ಅದರ ಪ್ರಿಂಟು ಓದಿ ಅವಳನ್ನು ಕರೆದರು. “ಇದನ್ನ ತಗಿ. ನಾಳೆ ಯಾರರ ಕೋರ್ಟಿಗೆ ಹೋದ್ರ ಇದs ಸಾಕು, ನಾವು ಬಾಗಲಾ ಹಾಕೂದು.”

“ತಗಿಯಂಗಿಲ್ರಿ ಸರ್. ನನ್ನ ಕೆಲಸದಾಗಿಂದ ತಗೀರಿ ಬೇಕಾದ್ರ.”

“ನಿನ್ನ ತಗದು ಯಾರನ್ನ ತರಲಿ?” ಅವರು ಕಾಗದವನ್ನು ಮೇಜಿನ ಮೇಲಿಟ್ಟರು. ವೀರೇಶನ ಕಡೆ ನೋಡಿದರು. ಸರ್ವರಿನಿಂದ ಅಳಿಸಬೇಕೆಂದರೆ ಅವನು ಅಳಿಸಬಲ್ಲ. ವೀರೇಶ ಕಿಟಕಿಯಿಂದ ಹೊರಗೆ ನೋಡುತ್ತ, “ನನ್ನಿಂದ ಆಗಂಗಿಲ್ರಿ ಸಾಹೇಬ್ರ” ಎಂದ. ಗಿರಿಮಲ್ಲಪ್ಪ ಮತ್ತೆ ಆ ವಿಷಯ ಎತ್ತಲಿಲ್ಲ.

ಕೋರ್ಟಿಗೆ ಯಾರೂ ಹೋಗಲಿಲ್ಲ. ತಾಲ್ಲೂಕು ಕಚೇರಿಯ ಕಾಗದದಲ್ಲಿ ‘ನೀರಿನಲ್ಲಿ ಕೊಚ್ಚಿಹೋಗಿ ಆಕಸ್ಮಿಕ ಸಾವು’ ಎಂದಾಯಿತು. ಪರಿಹಾರದ ಅರ್ಜಿಯ ಜೊತೆ ಹನ್ನೆರಡು ಐವತ್ತರ ಪ್ರಿಂಟೂ ಹೋಯಿತು. ಅವಳು ಬರೆದ ಎರಡು ಪುಟವನ್ನು ಕೇಳಿದವರು ಇರಲಿಲ್ಲ. ಗಿರಿಮಲ್ಲಪ್ಪ ಬಾಗಲಕೋಟೆಯಿಂದ ಒಬ್ಬ ಹುಡುಗಿಯನ್ನು ಕರೆಸಿ ಹೊಸ ದನಿಯಲ್ಲಿ ಎಲ್ಲವನ್ನೂ ಮತ್ತೆ ದಾಖಲು ಮಾಡಿಸಿದರು. ಪೂರ್ಣಿಮಾ ಕೇಳಿಕೊಂಡದ್ದು ಅದೊಂದೇ. ಮನೆಯಲ್ಲಿ ಅಪ್ಪ ನೂಲಿನ ವ್ಯಾಪಾರಿಗಳ ಮುಂದೆ ಮಗಳ ಕೆಲಸದ ಮಾತು ಬಿಟ್ಟಿದ್ದ.

ಸೆಪ್ಟೆಂಬರಿನಲ್ಲಿ ಒಂದು ದಿನ ಕಾವ್ಯಳೇ ಫೋನು ಮಾಡಿದಳು. “ಅವತ್ತ ಏನಾಗಿತ್ತು ಅಂತ ನನಗ ಪೂರಾ ತಿಳೀಲಿಲ್ರಿ. ಬರದು ಕೊಡತೀರೇನು?”

ಬರೆದದ್ದು ಇದೆ ಎಂದಳು ಪೂರ್ಣಿಮಾ.

ಕಾಲೇಜು ಬಿಡುವ ಹೊತ್ತಿಗೆ ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ಭೇಟಿಯಾದರು. ಕಾವ್ಯ ಬೆಂಚಿನ ಮೇಲೆ ಕೂತು ಎರಡು ಪುಟವನ್ನೂ ಓದಿದಳು. ಕೆಲವು ಕಡೆ ನಿಂತು, ಸರ್ವರ್ ಅಂದರೆ ಎಲ್ಲಿ ಇರುತ್ತದೆ, ಅಡ್ಮಿನ್ ಅಂದರೆ ಯಾರು ಎಂದು ಕೇಳಿದಳು. ಪೂರ್ಣಿಮಾ ಹೇಳಿದಳು. ಕೊನೆಯ ಸಾಲುಗಳನ್ನು ಕಾವ್ಯ ಎರಡು ಸಲ ಓದಿದಳು.

“ಈ ಹತ್ತು ನಿಮಿಷದ ನಿಯಮ ಈಗ ನಡಸಾಕತ್ತೀರೇನ್ರಿ?”

“ಹೋದ ವಾರ ಒಮ್ಮೆ ನಡಸಿದಿವಿ. ಮೂರೂ ಮಂದಿ ಕೂಡಿ ಹಚ್ಚಿದಿವಿ.”

“ನಮ್ಮ ಮನಿಗೆ ಬರಲಿಲ್ಲ.”

“ನಿಮ್ಮ ಮೋಟಾರು ಈಗ ದಂಡಿ ಮ್ಯಾಲ…” ಎಂದು ಪೂರ್ಣಿಮಾ ಶುರು ಮಾಡಿ ನಿಲ್ಲಿಸಿದಳು.

“ಹೌದು. ಅದೂ ಹೊಳ್ಯಾಗ ಹೋತು” ಎಂದಳು ಕಾವ್ಯ. “ಅವ್ವ ಕೇಳತಾಳ. ಏನು ಮಾಡತಿದ್ದಳಂತ ಆಕಿ ಅಷ್ಟೊತ್ತು, ಅಂತ. ಇದನ್ನ ಓದಿ ಹೇಳಲೇನ್ರಿ?”

“ನಿಮಗ ಹೆಂಗ ಅನಸತೈತಿ ಹಂಗ.”

ಕಾವ್ಯಳ ಊರಿನ ಬಸ್ಸು ಬಂದು ನಿಂತಿತು. ಕಾಗದವನ್ನು ಮಡಚಿ ಪುಸ್ತಕದ ನಡುವೆ ಇಟ್ಟು ಎದ್ದಳು. ಜನರ ನಡುವೆ ನುಗ್ಗಿ ಬಸ್ಸು ಹತ್ತಿದಳು.

ಬಸ್ಸು ಹೊರಟು ಹೋದ ಮೇಲೂ ಪೂರ್ಣಿಮಾ ಅಲ್ಲೇ ನಿಂತಿದ್ದಳು. ಜಮಖಂಡಿಯ ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು.